ಜಾಲತಾಣದ ಭಾಷಾಂತರ ದೋಷಗಳು: ಹೊಣೆ ಯಾರದು?

ವ್ಯಾಪಾರ ಸಂಸ್ಥೆಯೊಂದು ಕನ್ನಡದಲ್ಲಿ ಜಾಲತಾಣ ಹೊಂದಿರುವುದು ಬಹುಕಾಲ ಅಲಂಕಾರದ ವಿಷಯವಾಗಿತ್ತು. ಇಂಗ್ಲಿಷ್ ತಾಣದ ಮೂಲೆಯಲ್ಲಿ ‘ಕನ್ನಡ’ ಎಂಬ ಗುಂಡಿ, ಅದನ್ನು ಒತ್ತಿದರೆ ಸಂಸ್ಥಾಪಕರ ಪರಿಚಯದ ಒಂದು ಪುಟ, ಅಲ್ಲಿಗೆ ಮುಗಿಯುತ್ತಿತ್ತು. 2020ರ ಜೂನ್‌ನಲ್ಲಿ ಫ್ಲಿಪ್‌ಕಾರ್ಟ್, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಮೆಜಾನ್ ತಮ್ಮ ಮಾರಾಟ ತಾಣಗಳನ್ನು ಕನ್ನಡದಲ್ಲಿಯೂ ತೆರೆದ ಮೇಲೆ, ಬೆಲೆ, ಷರತ್ತು, ವಾಪಸಾತಿಯ ಅವಧಿ ಎಲ್ಲವನ್ನೂ ತನ್ನ ಭಾಷೆಯಲ್ಲಿಯೇ ಓದಬಹುದೆಂಬ ನಿರೀಕ್ಷೆ ಗ್ರಾಹಕನಲ್ಲಿ ಬೇರೂರಿದೆ. ಸಣ್ಣ ತಯಾರಕರೂ ವರ್ತಕರೂ ಅದೇ ದಾರಿ ಹಿಡಿದು ಇಂಗ್ಲಿಷ್ ಜೊತೆಗೆ ಕನ್ನಡ, ಹಿಂದಿ, ತೆಲುಗು, ತಮಿಳು ಪುಟಗಳನ್ನು ಸೇರಿಸಿಕೊಳ್ಳುತ್ತಿರುವುದು ಸ್ವಾಗತಾರ್ಹವೇ. ಆದರೆ ಪುಟಗಳನ್ನು ಸೇರಿಸಿದಷ್ಟು ಸುಲಭವಾಗಿ ಅವುಗಳನ್ನು ಕಾಪಾಡಿಕೊಳ್ಳಲು ಆಗುತ್ತಿಲ್ಲ ಎಂಬುದು ಯಾವುದೇ ಹತ್ತು ತಾಣಗಳನ್ನು ತೆರೆದು ನೋಡಿದವರಿಗೆ ತಿಳಿಯುವ ಸಂಗತಿ.

ತೊಂದರೆ ಕಾಣಿಸಿಕೊಂಡಾಗ ಮಾಲೀಕರ ಬಾಯಿಂದ ಬರುವ ಮಾತು ಒಂದೇ: “ಅನುವಾದ ಸರಿಯಿಲ್ಲ.” ಕೂಡಲೇ ಅನುವಾದಕನನ್ನು ಕರೆಸುವುದು, ಇಲ್ಲವೇ ಬದಲಾಯಿಸುವುದು. ಹೊಸಬ ಬಂದು ಇಡೀ ತಾಣವನ್ನು ಮತ್ತೊಮ್ಮೆ ಬರೆದುಕೊಟ್ಟ ಮೇಲೂ ಹಳೆಯ ದೂರುಗಳು ಹಾಗೆಯೇ ಉಳಿಯುತ್ತವೆ. ಕಾರಣ ಸರಳ. ಈ ಒಂದು ಮಾತಿನ ಅಡಿಯಲ್ಲಿ ಪರಸ್ಪರ ಸಂಬಂಧವಿಲ್ಲದ ಹಲವು ದೋಷಗಳು ಸೇರಿಕೊಂಡಿರುತ್ತವೆ. ಕೆಲವು ಅಕ್ಷರ ಸಂಕೇತಕ್ಕೆ ಸೇರಿದವು, ಕೆಲವು ತಂತ್ರಾಂಶ ವಾಕ್ಯ ಕಟ್ಟುವ ಕ್ರಮಕ್ಕೆ, ಕೆಲವು ಪದದ ಆಯ್ಕೆಗೆ, ಇನ್ನು ಕೆಲವು ಕಾಲಕಾಲಕ್ಕೆ ಆಗಬೇಕಾದ ತಿದ್ದುಪಡಿ ಆಗದೆ ಉಳಿದುದಕ್ಕೆ. ಇವುಗಳಲ್ಲಿ ಅನುವಾದಕನ ಕೈಯಲ್ಲಿರುವುದು ಪದದ ಆಯ್ಕೆ ಮಾತ್ರ. ಉಳಿದವುಗಳ ಹೊಣೆಯನ್ನು ಮಾಲೀಕನೇ ಹೊರಬೇಕಾಗಿದೆ; ಅವನು ಹೊರುತ್ತಿಲ್ಲ ಎಂಬುದೇ ಇಲ್ಲಿಯ ಮುಖ್ಯ ಆಕ್ಷೇಪ.

ಅಕ್ಷರದ ದೋಷವನ್ನು ಗುರುತಿಸಲು ತಾಂತ್ರಿಕ ಪದವಿ ಬೇಕಿಲ್ಲ. ಕನ್ನಡ ಇರಬೇಕಾದ ಕಡೆ ಏನು ಕಾಣುತ್ತಿದೆ ಎಂಬುದನ್ನು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ. ಖಾಲಿ ಚೌಕಗಳು ಕಂಡರೆ ನೋಡುವವನ ಯಂತ್ರಕ್ಕೆ ಕನ್ನಡ ಫಾಂಟ್ ಸಿಕ್ಕಿಲ್ಲವೆಂದು ಅರ್ಥ. ಪಠ್ಯಕ್ಕೆ ಏನೂ ಆಗಿಲ್ಲ. ತಲೆಯ ಮೇಲೆ ಗೆರೆಯುಳ್ಳ ಇಂಗ್ಲಿಷಿನ ‘ಎ’, ಅದರ ಪಕ್ಕದಲ್ಲಿ ಮೇಲಕ್ಕೇರಿಸಿದ ಪುಟ್ಟ 2 ಅಥವಾ 3, ಬಳಿಕ ಮತ್ತಾವುದೋ ಚಿಹ್ನೆ – ಹೀಗೆ ಮೂರು ಮೂರರ ಗುಂಪುಗಳು ಪುಟದುದ್ದಕ್ಕೂ ಕಂಡರೆ ಅದರ ಕಾರಣ ಬೇರೆ. ಯುನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ ಮೂರು ಬೈಟ್‌ಗಳಲ್ಲಿ ಕೂರುತ್ತದೆ. ಆ ಮೂರನ್ನು ಮೂರು ಪ್ರತ್ಯೇಕ ಪಾಶ್ಚಾತ್ಯ ಅಕ್ಷರಗಳೆಂದು ಗಣಕಯಂತ್ರ ಓದಿಕೊಂಡಾಗ ಈ ವಿಕಾರ ಹುಟ್ಟುತ್ತದೆ. ಇಲ್ಲಿಯೂ ಪಠ್ಯ ಸಾಮಾನ್ಯವಾಗಿ ಸುರಕ್ಷಿತವಾಗಿಯೇ ಇರುತ್ತದೆ; ಓದುವ ಕ್ರಮವನ್ನು ತಿದ್ದಿದರೆ ಸಾಕು. ಬರಿಯ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡಾಗ ಮಾತ್ರ ನಿಜವಾಗಿ ಚಿಂತಿಸಬೇಕು. ಆಗ ಉಳಿಸುವ ಹಂತದಲ್ಲಿಯೇ ಕನ್ನಡ ಅಳಿಸಿಹೋಗಿರುತ್ತದೆ. ಹಳೆಯ ಪ್ರತಿ ಇಟ್ಟುಕೊಂಡಿರದಿದ್ದರೆ ಮತ್ತೆ ಬೆರಳಚ್ಚು ಮಾಡಿಸದೆ ಗತಿಯಿಲ್ಲ.

ವರ್ತಕರ ತಾಣಗಳಲ್ಲಿ ಈ ನಷ್ಟ ಹೆಚ್ಚಾಗಿ ಆಗುವುದು ಎಕ್ಸೆಲ್ ಬಳಿ. ಸರಕುಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಸಿದ್ಧಪಡಿಸಿ, ಸಿಎಸ್‌ವಿ ಕಡತವಾಗಿ ಉಳಿಸಿ, ತಾಣಕ್ಕೆ ಏರಿಸುವುದು ಎಲ್ಲೆಡೆಯ ರೂಢಿ. ಉಳಿಸುವಾಗ ಸಾಮಾನ್ಯ ಸಿಎಸ್‌ವಿ ಎಂಬ ಆಯ್ಕೆಯನ್ನು ಒತ್ತಿದರೆ ಕನ್ನಡದ ಸರಕಿನ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಅದೇ ಪಟ್ಟಿಯಲ್ಲಿರುವ ‘ಸಿಎಸ್‌ವಿ ಯುಟಿಎಫ್-8’ ಎಂಬ ಆಯ್ಕೆಯನ್ನು ಒತ್ತಿದರೆ ಹೀಗಾಗದು. ಒಂದು ಗುಂಡಿಯ ವ್ಯತ್ಯಾಸ. ಆದರೆ ಎಷ್ಟೋ ಕಡೆ ಇದರ ತಪ್ಪನ್ನು ಅನುವಾದಕನ ತಲೆಗೆ ಕಟ್ಟಲಾಗುತ್ತದೆ. ನುಡಿ, ಬರಹಗಳ ಯುನಿಕೋಡ್ ಪೂರ್ವದ ಫಾಂಟುಗಳಲ್ಲಿ ಹಿಂದೆಯೇ ಸಿದ್ಧಪಡಿಸಿಟ್ಟ ದರಪಟ್ಟಿಗಳದು ಇನ್ನೊಂದು ಕಥೆ. ಅವು ಕಣ್ಣಿಗೆ ಕನ್ನಡ, ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅವುಗಳನ್ನು ಯುನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನೂ ಅಂಕಿಗಳನ್ನೂ ಕಣ್ಣಿಟ್ಟು ನೋಡಿದ ಬಳಿಕವೇ ತಾಣಕ್ಕೆ ಏರಿಸತಕ್ಕದ್ದು.

ಮೂರು ಬೈಟ್‌ಗಳ ಈ ಲೆಕ್ಕ ಹಣದ ಲೆಕ್ಕಕ್ಕೂ ತಗಲುತ್ತದೆ. ‘ಸ್ಟೇ’ ಎಂಬ ಒಂದೇ ಅಕ್ಷರಕ್ಕೆ ನಾಲ್ಕು ಸಂಕೇತ, ಅಂದರೆ ಹನ್ನೆರಡು ಬೈಟ್ ಬೇಕು. ಸರಕಿನ ಹೆಸರಿಗೆ ನೂರು ಬೈಟ್ ಜಾಗ ಮೀಸಲಿಟ್ಟ ದತ್ತಸಂಚಯದಲ್ಲಿ ಕನ್ನಡದ 33 ಸಂಕೇತಗಳಷ್ಟೇ ಹಿಡಿಸುತ್ತವೆ, ಉಳಿದದ್ದು ಕತ್ತರಿಸಿಹೋಗುತ್ತದೆ. ಮೊಬೈಲ್ ಸಂದೇಶದಲ್ಲಂತೂ ವ್ಯತ್ಯಾಸ ನೇರವಾಗಿ ಬಿಲ್ಲಿನಲ್ಲಿಯೇ ಕಾಣುತ್ತದೆ. ಇಂಗ್ಲಿಷ್ ಎಸ್‌ಎಂಎಸ್ ಒಂದಕ್ಕೆ 160 ಅಕ್ಷರಗಳ ಮಿತಿಯಾದರೆ ಕನ್ನಡಕ್ಕೆ 70. ಉದ್ದವಾದ ಸಂದೇಶವನ್ನು ತುಂಡು ಮಾಡಿ ಕಳುಹಿಸುವಾಗ ತುಂಡೊಂದಕ್ಕೆ 67. ಇಂಗ್ಲಿಷ್‌ನಲ್ಲಿ ಒಂದೇ ಸಂದೇಶವಾಗಿ ಹೋಗುವ 150 ಅಕ್ಷರಗಳ ಒಕ್ಕಣೆ ಕನ್ನಡದಲ್ಲಿಯೂ ಅಷ್ಟೇ ಉದ್ದವಿದ್ದರೆ ಮೂರು ಸಂದೇಶಗಳ ದರ ತೆರಬೇಕಾಗುತ್ತದೆ. ಕನ್ನಡ ದುಬಾರಿಯೆಂದು ಕೈಬಿಡುವುದಕ್ಕೆ ಇದು ಕಾರಣವಾಗಬಾರದು. ಇಂಗ್ಲಿಷ್ ಒಕ್ಕಣೆಯನ್ನು ಪದಕ್ಕೆ ಪದ ಅನುವಾದಿಸದೆ, 70ರೊಳಗೆ ನಿಲ್ಲುವಂತೆ ಕನ್ನಡದಲ್ಲಿಯೇ ಚಿಕ್ಕದಾಗಿ ಬರೆಸುವುದಕ್ಕೆ ಇದು ಕಾರಣವಾಗಬೇಕು.

ವಾಕ್ಯ ಕಟ್ಟುವ ಕ್ರಮದ ದೋಷಗಳು ಇದಕ್ಕಿಂತ ಸೂಕ್ಷ್ಮ. ಇಂಗ್ಲಿಷ್‌ಗೆಂದು ಬರೆದ ತಂತ್ರಾಂಶವು ವಾಕ್ಯದ ನಡುವೆ ಖಾಲಿ ಜಾಗ ಬಿಟ್ಟು, ಅಲ್ಲಿಗೆ ಊರಿನ ಹೆಸರನ್ನೋ ಸಂಖ್ಯೆಯನ್ನೋ ತಂದು ಕೂರಿಸುತ್ತದೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯವು ಹೆಸರಿನೊಡನೆ ಕೂಡಿಕೊಂಡು ರೂಪ ಬದಲಿಸುತ್ತದೆ ಎಂಬುದು ಅದಕ್ಕೆ ತಿಳಿಯದು. ಖಾಲಿ ಜಾಗದ ಮುಂದೆ ‘ಗೆ’ ಎಂದು ಅಂಟಿಸಿಟ್ಟರೆ ‘ಹುಬ್ಬಳ್ಳಿಗೆ’ ಎಂಬುದು ಅದೃಷ್ಟವಶಾತ್ ಸರಿಯಾಗುತ್ತದೆ; ‘ಕೋಲಾರಗೆ’, ‘ಹಾಸನಗೆ’, ‘ಮೈಸೂರುಗೆ’ ಎಂಬವು ಗ್ರಾಹಕನ ಕಣ್ಣಿಗೆ ಚುಚ್ಚುತ್ತವೆ. ಎಂಥ ಪಂಡಿತನನ್ನು ಕರೆಸಿದರೂ ಈ ತಪ್ಪು ಹೋಗದು, ಏಕೆಂದರೆ ಅವನ ಮುಂದೆ ಇಡೀ ವಾಕ್ಯವೇ ಬರುವುದಿಲ್ಲ. ತುಂಡುಗಳು ಮಾತ್ರ ಬರುತ್ತವೆ. ಪರಿಹಾರ ಕಠಿಣವೇನಲ್ಲ. ‘ತಲುಪಬೇಕಾದ ಊರು: ಹಾಸನ’ ಎಂದು ಬರೆದರೆ ಪ್ರತ್ಯಯದ ಗೊಡವೆಯೇ ಇಲ್ಲ. ವ್ಯಕ್ತಿಯ ಹೆಸರಿನ ಮುಂದೆ ‘ಅವರಿಗೆ’, ‘ಅವರ’ ಎಂದು ಸೇರಿಸಿದರೆ ವ್ಯಾಕರಣವೂ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಬಹುವಚನದ ವಿಷಯದಲ್ಲಿ ಮಂಡಿಯ ಮಾತನ್ನೇ ಅನುಸರಿಸುವುದು ಲೇಸು. ‘ಹತ್ತು ಚೀಲ’, ‘ನೂರು ಡಜನ್’ ಎನ್ನುವವರು ‘ಹತ್ತು ಚೀಲಗಳು’ ಎನ್ನುವುದಿಲ್ಲ. ಆ ಕ್ರಮವನ್ನು ಹಿಡಿದರೆ ‘1 ವಸ್ತುಗಳು’ ಎಂಬ ಹಾಸ್ಯಾಸ್ಪದ ಸಾಲು ಹುಟ್ಟುವುದೇ ಇಲ್ಲ.

ಇನ್ನು ಪದಗಳು. ಯಂತ್ರಭಾಷಾಂತರವು ಇಡೀ ವಾಕ್ಯವನ್ನು ಒಂದು ಮಟ್ಟಿಗೆ ನಿಭಾಯಿಸುತ್ತದೆ. ಜಾಲತಾಣದಲ್ಲಿ ಇರುವುದಾದರೋ ಬಹುಪಾಲು ಒಂಟಿ ಪದಗಳು: ಗುಂಡಿಯ ಮೇಲಿನ ಹೆಸರು, ಪಟ್ಟಿಯ ತಲೆಬರಹ, ಸರಕಿನ ವರ್ಗ. ಸಂದರ್ಭವಿಲ್ಲದ ಒಂಟಿ ಪದ ಸಿಕ್ಕಾಗ ಯಂತ್ರ ಊಹೆ ಮಾಡುತ್ತದೆ. ಎಂಜಿನಿಯರಿಂಗ್ ಸರಕು ತಯಾರಕನ ಪಟ್ಟಿಯಲ್ಲಿರುವ ‘ಡೈ’ ಸಾವಾಗಬಹುದು, ‘ಬುಷ್’ ಪೊದೆಯಾಗಬಹುದು, ‘ಸ್ಪ್ರಿಂಗ್’ ವಸಂತ ಋತುವಾಗಬಹುದು. ಕಾರ್ಖಾನೆಯ ಕೆಲಸಗಾರ ಯಾವುದನ್ನು ಡೈ ಎಂದು ಕರೆಯುತ್ತಾನೋ ಕನ್ನಡ ಪುಟದಲ್ಲಿಯೂ ಅದು ಡೈ ಆಗಿಯೇ ಇರುವುದು ಸರಿ. ಶುದ್ಧ ಕನ್ನಡದ ಉತ್ಸಾಹದಲ್ಲಿ ಯಾರೂ ಆಡದ ಪದವನ್ನು ಟಂಕಿಸಿ ಹಾಕಿದರೆ ಕೊಳ್ಳುವವನು ಹುಡುಕುವ ಪದ ತಾಣದಲ್ಲಿ ಇಲ್ಲದಂತಾಗುತ್ತದೆ. ಲೆಕ್ಕಪತ್ರದ ಪದಗಳಲ್ಲಿ ಅಪಾಯ ಇನ್ನೂ ಹೆಚ್ಚು. ‘ರಿಟರ್ನ್’ ಎಂಬುದು ಸರಕಿನ ವಾಪಸಾತಿಯೋ, ಜಿಎಸ್‌ಟಿ ವಿವರಣೆಯೋ, ಹೂಡಿಕೆಯ ಪ್ರತಿಫಲವೋ? ‘ಕ್ರೆಡಿಟ್’ ಎಂಬುದು ಜಮೆಯೋ, ಉದ್ದರಿಯೋ? ‘ಬ್ಯಾಲೆನ್ಸ್’ ಬಾಕಿಯೋ, ಸಮತೋಲನವೋ? ಇವುಗಳಿಗೆ ಉತ್ತರ ಹೇಳಬಲ್ಲವನು ಅಂಗಡಿಯ ಮಾಲೀಕ ಅಥವಾ ಅವನ ಗುಮಾಸ್ತ. ಭಾಷಾ ಪದವೀಧರನೂ ಅಲ್ಲ, ಯಂತ್ರವೂ ಅಲ್ಲ. ಸಂಸ್ಥೆಯ ವ್ಯವಹಾರದಲ್ಲಿ ಮತ್ತೆ ಮತ್ತೆ ಬರುವ ನೂರು ಪದಗಳಿಗೆ ಒಂದೊಂದು ಕನ್ನಡ ರೂಪವನ್ನು ನಿಗದಿಪಡಿಸಿದ ಪದಪಟ್ಟಿಯನ್ನು ಮಾಲೀಕನೇ ಕುಳಿತು ಮಾಡಿಸಬೇಕು. ಎರಡು ಸಂಜೆಯ ಕೆಲಸ.

ಯಂತ್ರವನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬುದಕ್ಕೆ ಇತ್ತೀಚಿನ ಒಂದು ಪ್ರಸಂಗ ಸಾಕು. 2025ರ ಜುಲೈ 14ರಂದು ಹಿರಿಯ ನಟಿ ಬಿ. ಸರೋಜಾದೇವಿ ನಿಧನರಾದರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಪಾರ್ಥಿವ ಶರೀರದ ಅಂತಿಮ ದರ್ಶನ ಪಡೆದ ಸುದ್ದಿ ಕನ್ನಡದಲ್ಲಿ ಪ್ರಕಟವಾದಾಗ, ಮೆಟಾ ಕಂಪನಿಯ ಸ್ವಯಂಚಾಲಿತ ಇಂಗ್ಲಿಷ್ ಅನುವಾದವು ಮುಖ್ಯಮಂತ್ರಿಯವರೇ ತೀರಿಕೊಂಡರೆಂಬ ಅರ್ಥ ಕೊಟ್ಟಿತು. ಮುಖ್ಯಮಂತ್ರಿಯವರ ಕಡೆಯಿಂದ ಆಕ್ಷೇಪಣೆ ಹೋಯಿತು. ಕಂಪನಿ ಕ್ಷಮೆ ಕೇಳಿ ದೋಷ ಸರಿಪಡಿಸಿರುವುದಾಗಿ ಹೇಳಿತು. ಕರ್ತೃ ಮೊದಲು, ಕ್ರಿಯಾಪದ ಕಡೆಯಲ್ಲಿ, ನಡುವೆ ಉದ್ದನೆಯ ವಿಶೇಷಣಗಳ ಸಾಲು ಇರುವ ಕನ್ನಡ ವಾಕ್ಯದಲ್ಲಿ ಯಾರು ಏನಾದರು ಎಂಬುದನ್ನೇ ಯಂತ್ರ ತಪ್ಪಾಗಿ ಹಿಡಿಯಬಲ್ಲದು. ಅಷ್ಟು ದೊಡ್ಡ ಕಂಪನಿಯ ಯಂತ್ರದ ಪಾಡೇ ಹೀಗಿರುವಾಗ, ಉಚಿತವಾಗಿ ದೊರೆಯುವ ಸಲಕರಣೆಯೊಂದನ್ನು ತಾಣಕ್ಕೆ ಅಂಟಿಸಿ ಅದರ ಫಲವನ್ನು ಒಮ್ಮೆಯೂ ಓದದೆ ಬಿಡುವ ಧೈರ್ಯ ಮೆಚ್ಚತಕ್ಕದ್ದಲ್ಲ. ಯಂತ್ರ ಕರಡು ಮಾಡಲಿ. ಸಹಿ ಹಾಕುವವನು ಮನುಷ್ಯನಾಗಿರಲಿ.

ಈ ವಿಷಯದಲ್ಲಿ ಹಣ ಎಲ್ಲಿ ಸೋರುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ತಯಾರಕನೊಬ್ಬ ಶೇ. 18ರ ಜಿಎಸ್‌ಟಿಗೆ ಒಳಪಟ್ಟ ಉಪಕರಣವೊಂದನ್ನು ಇತರ ವರ್ತಕರಿಗೆ 10,000 ರೂ.ಗೆ, ತೆರಿಗೆ ಪ್ರತ್ಯೇಕ ಎಂಬ ಷರತ್ತಿನ ಮೇಲೆ ಮಾರುತ್ತಾನೆನ್ನೋಣ. ಇಂಗ್ಲಿಷ್ ಪುಟದಲ್ಲಿ ‘ಎಕ್ಸ್‌ಕ್ಲೂಸಿವ್ ಆಫ್ ಜಿಎಸ್‌ಟಿ’ ಎಂದಿದೆ. ಕನ್ನಡ ಪುಟದಲ್ಲಿ ಅದು ‘ಜಿಎಸ್‌ಟಿ ಸಹಿತ’ ಎಂದಾಗಿದೆ. ಇಂಗ್ಲಿಷ್ ಓದಿದವನು 11,800 ರೂ. ಕೊಡುತ್ತಾನೆ. ಕನ್ನಡ ಓದಿದವನು 10,000 ರೂ. ಕೊಟ್ಟು ರಸೀದಿ ಕೇಳುತ್ತಾನೆ. ತೆರಿಗೆ ಸೇರಿದ ಮೊತ್ತದಿಂದ ತೆರಿಗೆಯನ್ನು ಬೇರ್ಪಡಿಸುವ ಜಿಎಸ್‌ಟಿ ನಿಯಮ 35ರ ಸೂತ್ರವನ್ನು ಅನ್ವಯಿಸಿದರೆ ಅದರಲ್ಲಿ ತೆರಿಗೆ 1,525 ರೂ. 42 ಪೈಸೆ, ಸರಕಿನ ಬೆಲೆ 8,474 ರೂ. 58 ಪೈಸೆ. ನಲವತ್ತು ಉಪಕರಣ ಮಾರುವಷ್ಟರಲ್ಲಿ ಸುಮಾರು 61,000 ರೂ. ಹೋಯಿತು. ಕನ್ನಡ ಪುಟವನ್ನು ಶ್ರದ್ಧೆಯಿಂದ ಓದಿಸಲು ತಗಲುವ ವೆಚ್ಚ ಇದರ ಮುಂದೆ ಏನೂ ಅಲ್ಲ.

ಆ ಗಿರಾಕಿಯೊಡನೆ ವಾದಿಸಿ ಗೆಲ್ಲಬಹುದೇ? ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದಾಗಲೇ ಸಮ್ಮತಿಯೆಂದು 1872ರ ಭಾರತೀಯ ಕರಾರು ಕಾಯ್ದೆಯ 13ನೆಯ ಪ್ರಕರಣ ಹೇಳುತ್ತದೆ, ನಿಜ. ಆದರೆ ಒಬ್ಬ ಪಕ್ಷಗಾರ ಮಾತ್ರ ಸಂಗತಿಯನ್ನು ತಪ್ಪು ತಿಳಿದಿದ್ದನೆಂಬ ಕಾರಣಕ್ಕೇ ಕರಾರನ್ನು ರದ್ದುಪಡಿಸಲಾಗದೆಂದು ಅದೇ ಕಾಯ್ದೆಯ 22ನೆಯ ಪ್ರಕರಣವೂ ಇದೆ. ತನ್ನದೇ ತಾಣದ ತನ್ನದೇ ಪುಟದಲ್ಲಿ ಬರೆದುದನ್ನು ತಾನೇ ಅಲ್ಲಗಳೆಯುವುದು ಮಾರುವವನಿಗೆ ಸುಲಭದ ಮಾತಲ್ಲ. ಸರಕನ್ನು ನೇರವಾಗಿ ಬಳಕೆದಾರನಿಗೆ ಮಾರುವವರ ಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಅದರ ಅಡಿಯಲ್ಲಿ ಬಂದ 2020ರ ಇ-ವಾಣಿಜ್ಯ ನಿಯಮಗಳೂ ಇವೆ. ದಾರಿತಪ್ಪಿಸುವ ಜಾಹೀರಾತು ಯಾವ ಭಾಷೆಯಲ್ಲಿದ್ದರೂ ದಾರಿತಪ್ಪಿಸುವ ಜಾಹೀರಾತೇ. ‘ವ್ಯತ್ಯಾಸವಿದ್ದಲ್ಲಿ ಇಂಗ್ಲಿಷ್ ಪಠ್ಯವೇ ಅಂತಿಮ’ ಎಂಬ ಸಾಲನ್ನು ಪುಟದ ಅಡಿಯಲ್ಲಿ ಹಾಕಿ ನಿಶ್ಚಿಂತರಾದವರು ಹಲವರಿದ್ದಾರೆ. ಆ ಸಾಲು ಕೂಡ ಇಂಗ್ಲಿಷ್‌ನಲ್ಲಿಯೇ ಇರುವುದು ಇದರ ವಿನೋದ. ಇಂಗ್ಲಿಷ್ ಬಾರದೆ ಕನ್ನಡ ಪುಟಕ್ಕೆ ಬಂದ ಗ್ರಾಹಕನ ಎದುರು ಅದನ್ನೇ ನೆಚ್ಚಿ ಕೂರುವುದು ವಿವೇಕವಲ್ಲ.

ಆದರೂ ಮೇಲಿನಂಥ ತಪ್ಪು ಅನುವಾದಕ್ಕಿಂತ ಹೆಚ್ಚು ಹಾನಿ ಮಾಡುವುದು ಒಮ್ಮೆ ಸರಿಯಾಗಿದ್ದು ಆಮೇಲೆ ಹಳತಾದ ಅನುವಾದ. ಇಂಗ್ಲಿಷ್ ಪುಟದಲ್ಲಿ ಬೆಲೆ ಏರಿತು, ವಾಪಸಾತಿಯ ಅವಧಿ ಹದಿನೈದು ದಿನದಿಂದ ಏಳು ದಿನಕ್ಕೆ ಇಳಿಯಿತು. ಕನ್ನಡ ಪುಟ ಹಿಂದಿನ ವರ್ಷದಲ್ಲಿಯೇ ನಿಂತಿದೆ. ಇದಕ್ಕೆ ಉಪೇಕ್ಷೆಯಷ್ಟೇ ಯಂತ್ರದ ಕ್ರಮವೂ ಕಾರಣ. ಅನೇಕ ತಾಣಗಳಲ್ಲಿ ಇಂಗ್ಲಿಷ್ ವಾಕ್ಯವನ್ನೇ ಬೀಗದ ಕೈಯಾಗಿಟ್ಟುಕೊಂಡು ಅದಕ್ಕೆ ತಕ್ಕ ಕನ್ನಡ ವಾಕ್ಯವನ್ನು ತಂತ್ರಾಂಶ ಹುಡುಕುತ್ತದೆ. ಇಂಗ್ಲಿಷ್‌ನಲ್ಲಿ ಒಂದು ಅಲ್ಪವಿರಾಮ ಬದಲಾದರೂ ಕೈ ಹೊಂದದೆ, ಕನ್ನಡ ಪುಟದ ನಡುವೆ ದಿಢೀರನೆ ಇಂಗ್ಲಿಷ್ ಸಾಲು ತಲೆಯೆತ್ತುತ್ತದೆ. ಪಿಒ ಕಡತದಲ್ಲಿ ‘ಫಜ್ಜಿ’ ಎಂಬ ಗುರುತು ಬಿದ್ದ ಅನುವಾದ, ಪರಿಶೀಲನೆ ಆಗುವವರೆಗೂ ಸಾಮಾನ್ಯವಾಗಿ ತಾಣಕ್ಕೆ ಬರುವುದಿಲ್ಲ. ಪಿಒ ಕಡತವನ್ನು ತಿದ್ದಿ ಅದರಿಂದ ಎಂಒ ಕಡತವನ್ನು ಹೊಸದಾಗಿ ಮಾಡದಿದ್ದರೆ ತಿದ್ದಿದ್ದೂ ವ್ಯರ್ಥ. ಎಲ್ಲವನ್ನೂ ಮಾಡಿದ ಮೇಲೂ ಹಳೆಯದೇ ಕಾಣುತ್ತಿದ್ದರೆ ತಾಣದ ಕ್ಯಾಶ್ ಸಂಗ್ರಹವನ್ನು ಖಾಲಿ ಮಾಡಿಸಿ ನೋಡಬೇಕು. ಅನುವಾದಕನನ್ನು ಬೈಯುವ ಮುನ್ನ ಇಷ್ಟನ್ನು ಕೇಳಿ ತಿಳಿಯುವುದು ನ್ಯಾಯ.

ಬೆಲೆ, ತೆರಿಗೆಯ ದರ, ದಿನಗಳ ಸಂಖ್ಯೆ ಇವನ್ನು ಯಾವ ಭಾಷೆಯ ಪಠ್ಯದೊಳಗೂ ಬೆರಳಚ್ಚು ಮಾಡಬಾರದು. ಅಂಕಿಗಳು ಒಂದೇ ಖಾತೆಯಿಂದ ಎಲ್ಲ ಭಾಷೆಯ ಪುಟಗಳಿಗೂ ಹರಿದುಬರುವಂತೆ ತಾಣವನ್ನು ಕಟ್ಟಿಸಬೇಕು. ಬೆಲೆ ಬರೆದ ಚಿತ್ರಗಳನ್ನು ಹಾಕುವ ಅಭ್ಯಾಸವನ್ನಂತೂ ಬಿಡಲೇಬೇಕು. ಚಿತ್ರದೊಳಗಿನ ಅಂಕಿ ಯಾವ ತಿದ್ದುಪಡಿಗೂ ಸಿಗುವುದಿಲ್ಲ. ತಿಂಗಳಿಗೊಮ್ಮೆ ಬ್ಯಾಂಕಿನ ಪಾಸ್‌ಬುಕ್ಕನ್ನೂ ನಗದು ಪುಸ್ತಕವನ್ನೂ ತಾಳೆ ನೋಡುವ ದಿನವೇ ಇಂಗ್ಲಿಷ್ ಪುಟವನ್ನೂ ಇತರ ಭಾಷೆಯ ಪುಟಗಳನ್ನೂ ಪಕ್ಕಪಕ್ಕದಲ್ಲಿಟ್ಟು, ಬೆಲೆ, ತೆರಿಗೆ, ವಾಪಸಾತಿ, ಖಾತರಿ, ದೂರವಾಣಿ ಸಂಖ್ಯೆ ಇಷ್ಟನ್ನು ತಾಳೆ ಮಾಡಿದರೆ ಸಾಕು. ಟ್ರಯಲ್ ಬ್ಯಾಲೆನ್ಸ್ ಕೂಡಿದ ಮಾತ್ರಕ್ಕೆ ಲೆಕ್ಕದಲ್ಲಿ ತತ್ವದೋಷ ಇಲ್ಲವೆಂದಾಗದು. ಹಾಗೆಯೇ ಎಲ್ಲ ಪುಟಗಳಲ್ಲಿಯೂ ಕನ್ನಡ ತುಂಬಿದೆಯೆಂದ ಮಾತ್ರಕ್ಕೆ ಅರ್ಥ ಸರಿಯಿದೆಯೆಂದಲ್ಲ, ಓದಬೇಕು. ದೂರವಾಣಿಯ ಮಾತು ಬಂದುದರಿಂದ ಇದನ್ನೂ ಹೇಳಬಹುದು: ತೆಲುಗು ಪುಟ ತೆರೆದು, ತೆಲುಗು ಬಲ್ಲ ಒಬ್ಬರನ್ನೂ ದೂರವಾಣಿಯ ಬಳಿ ಕೂರಿಸದಿರುವುದು ಆ ಪುಟ ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ಹುಡುಕಾಟದ ಯಂತ್ರಗಳಿಗೆ ಪುಟದ ಭಾಷೆಯನ್ನು ತಿಳಿಸುವ ಸಂಕೇತದಲ್ಲಿಯೂ ಒಂದು ತಪ್ಪು ನುಸುಳಬಹುದು. ವಾಹನಗಳ ಮೇಲಿನ ‘ಕೆಎ’ ಕಣ್ಣಿಗೆ ಅಭ್ಯಾಸವಾಗಿರುವುದರಿಂದ ಅದನ್ನೇ ಕನ್ನಡದ ಸಂಕೇತವೆಂದು ಬರೆದರೆ, ಅಂತರರಾಷ್ಟ್ರೀಯ ಭಾಷಾ ಪಟ್ಟಿಯಲ್ಲಿ ಅದು ಜಾರ್ಜಿಯಾ ದೇಶದ ಭಾಷೆಯಾಗುತ್ತದೆ. ಕನ್ನಡಕ್ಕೆ ‘ಕೆಎನ್’. ಜೊತೆಗೆ ಇಂಗ್ಲಿಷ್ ಪುಟ ಕನ್ನಡ ಪುಟವನ್ನು ತೋರಿಸಿದರೆ ಸಾಲದು. ಕನ್ನಡ ಪುಟವೂ ಇಂಗ್ಲಿಷ್ ಪುಟವನ್ನು ತೋರಿಸಬೇಕು. ಖರ್ಚಿಗೆ ಪ್ರತಿಯಾಗಿ ಜಮೆಯಿಲ್ಲದ ನಮೂದಿನಂತೆ, ಒಂದು ಕಡೆಯ ಸೂಚನೆಯನ್ನು ಗೂಗಲ್ ಕಡೆಗಣಿಸಬಹುದು.

ಇಷ್ಟು ದಿನ ಇದೆಲ್ಲ ಮಾಲೀಕನ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಗ್ರಾಹಕನ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಪಡೆಯುವಾಗ ಕೊಡುವ ಸೂಚನೆಯನ್ನೂ ಸಮ್ಮತಿಯ ಕೋರಿಕೆಯನ್ನೂ ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಆ ಗ್ರಾಹಕನಿಗೆ ಇರಬೇಕು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದಾಗ ಮುಖ್ಯ ಕರ್ತವ್ಯಗಳ ಜಾರಿಗೆ ಹದಿನೆಂಟು ತಿಂಗಳ ಕಾಲಾವಕಾಶ ನೀಡಲಾಯಿತು. ಸಮ್ಮತಿ ಪತ್ರದ ಅನುವಾದದಲ್ಲಿ ‘ಬಹುದು’ ಎಂಬುದು ‘ಬೇಕು’ ಎಂದಾದರೆ ಪಡೆದ ಸಮ್ಮತಿಯ ಗತಿಯೇನು ಎಂಬ ಪ್ರಶ್ನೆ ಅಂಗಡಿಯ ಬಾಗಿಲಿಗೇ ಬರಲಿದೆ. ಇಪ್ಪತ್ತೆರಡು ಭಾಷೆಗಳಲ್ಲಿ ಒಂದು ಪುಟವನ್ನು ಬಿಡಿಬಿಡಿಯಾಗಿ ಮಾಡಿಸುವುದು ಸಣ್ಣ ಸಂಸ್ಥೆಗೆ ಹೊರೆಯೇ ಸರಿ. ಕರಡನ್ನು ವಾಣಿಜ್ಯ ಮಂಡಳಿಗಳು ಒಟ್ಟಾಗಿ ಸಿದ್ಧಪಡಿಸಿ, ಬಲ್ಲವರಿಂದ ಓದಿಸಿ, ಸದಸ್ಯರಿಗೆ ಒದಗಿಸುವುದು ಹೆಚ್ಚು ಅಗ್ಗದ ದಾರಿ.

ಸಂಸ್ಥೆಯೊಳಗೆ ಆಗಬೇಕಾದುದು ಇನ್ನೂ ಇದೆ. ಲೆಕ್ಕದ ಪುಸ್ತಕಗಳನ್ನು ತೆರೆದರೆ ಕನ್ನಡ ಪುಟಗಳ ವೆಚ್ಚ ‘ಜಾಲತಾಣ ನಿರ್ಮಾಣ’ ಎಂಬ ತಲೆಬರಹದಡಿ ಒಂದೇ ಬಾರಿ ಬಂದಿರುತ್ತದೆ; ಮರುವರ್ಷದಿಂದ ಸೊನ್ನೆ. ಯಂತ್ರೋಪಕರಣಗಳಿಗೆ ವಾರ್ಷಿಕ ನಿರ್ವಹಣಾ ಒಪ್ಪಂದ ಮಾಡಿಕೊಳ್ಳುವವರು ತಮ್ಮ ಮಾತನ್ನು ಗ್ರಾಹಕನಿಗೆ ಮುಟ್ಟಿಸುವ ಪುಟಗಳಿಗೆ ಅದನ್ನು ಮಾಡಿಕೊಳ್ಳುವುದಿಲ್ಲ. ಪ್ರತಿವರ್ಷ ಒಂದು ಮೊತ್ತವನ್ನು ಇದಕ್ಕೆಂದು ತೆಗೆದಿರಿಸಿ, ಓದಿ ಒಪ್ಪಿಗೆ ಕೊಡುವ ಒಬ್ಬರನ್ನು ಹೆಸರಿಸಿ ನೇಮಿಸತಕ್ಕದ್ದು. ನೂರು ಪುಟ ತೆರೆದು ಮರೆಯುವುದಕ್ಕಿಂತ, ಬೆಲೆ, ಷರತ್ತು, ದೂರು, ಸಂಪರ್ಕ ಎಂಬ ನಾಲ್ಕು ಪುಟಗಳನ್ನು ಅಚ್ಚುಕಟ್ಟಾಗಿ ಇಟ್ಟುಕೊಂಡವನ ಕನ್ನಡ ತಾಣವೇ ದೊಡ್ಡದು. ತಾಣ ಕಟ್ಟಿಕೊಟ್ಟ ಸಂಸ್ಥೆಯೊಡನೆ ಮಾಡಿಕೊಳ್ಳುವ ಕರಾರಿನಲ್ಲಿ ಅನುವಾದದ ಕಡತಗಳೂ ಪದಪಟ್ಟಿಯೂ ಮಾಲೀಕನ ಸ್ವತ್ತೆಂದೂ, ಕೇಳಿದ ದಿನ ಯುನಿಕೋಡ್ ರೂಪದಲ್ಲಿ ಒಪ್ಪಿಸಬೇಕೆಂದೂ ಸ್ಪಷ್ಟವಾಗಿ ಬರೆಸಿಕೊಳ್ಳಬೇಕು. ಅದಿಲ್ಲದೆ ಆ ಸಂಸ್ಥೆಯನ್ನು ಬದಲಾಯಿಸಿದ ದಿನ ಕನ್ನಡ ಪುಟಗಳೂ ಅದರೊಂದಿಗೇ ಹೊರಟುಹೋಗುತ್ತವೆ. ಹೊಸಬರು ಮೊದಲ ಅಕ್ಷರದಿಂದ ಮತ್ತೆ ಹಣ ಕೇಳುತ್ತಾರೆ.